ಅಪ್ಪನ ಹಾಲಿಡೇ ಮೆಂಬರ್‌ಶಿಪ್‌ಗೆ ಗಿರಾಕಿ ಸಿಕ್ಕಾನಂತ, ಮೊದ್ಲ 18% ಜಿಎಸ್‌ಟಿ ಕಟ್ರಿ ಅಂತಾರ. ಖರೇನಾ?

ಸೇಡಂರೋಡ್_ಹುಡುಗ (ಕಲಬುರಗಿ)

ಎಲ್ಲರಿಗೂ ಶರಣಾರ್ಥಿ. ಸ್ವಲ್ಪ ಅರ್ಜೆಂಟ್ ಅದ, ತಿಳಿದವರು ಲಗೂನ ಹೇಳ್ರಿ.

ನಮ್ಮಪ್ಪ ರಿಟೈರ್ಡ್ ಹೈಸ್ಕೂಲ್ ಮಾಸ್ತರ್. 2015ರಾಗ ಇಲ್ಲೇ ಊರಾಗಿನ ಒಂದು ಹೋಟೆಲ್‌ಗೆ ನಿಮಗ ಗಿಫ್ಟ್ ಬಂದದ, ಗಂಡ ಹೆಂಡ್ತಿ ಜೋಡಿಲೆ ಬರ್ರಿ ಅಂತ ಕರ್ದು, ಮಧ್ಯಾಹ್ನ ಪೂರಾ ಎಸಿ ಹಾಲ್‌ನಾಗ ಕುಂದ್ರಿಸಿ, ಜ್ಯೂಸ್ ಕುಡಿಸಿ, 25 ವರ್ಷದ ಮೆಂಬರ್‌ಶಿಪ್ ಕೊರಳಿಗಿ ಕಟ್ಟಿ ಕಳ್ಸಿದ್ರು. ಕಂಪನಿ ಹೆಸರು ಇಲ್ಲಿ ಬರಿಯಂಗಿಲ್ಲ, ಬ್ಯಾಡ. ವರ್ಷಕ್ಕ ಒಂದು ವಾರ, ದೇಶದ ತುಂಬಾ ಯಾವ ರಿಸಾರ್ಟ್ ಆದ್ರೂ ನಡೀತದ ಅಂದಿದ್ರು. ಸುಮಾರು ಎರಡೂವರಿ ಲಕ್ಷ, ಇಎಂಐ ಮ್ಯಾಲ ಕಟ್ಟಿ ಮುಗಿಸ್ಯಾರ. ಮೇ ರಜಾದಾಗ ಕೇಳಿದ್ರ ರೂಮ್ ಫುಲ್, ಮಳಿಗಾಲದಾಗ ಕೇಳಿದ್ರ ರೂಮ್ ಅವ ಆದ್ರ ಹುಡುಗರ ಸಾಲಿ ಇರ್ತದ. ಮೇಂಟೆನೆನ್ಸ್ ಫೀ ಮಾತ್ರ ನಾವು ಹೋಗ್ಲಿ ಬಿಡ್ಲಿ ವರ್ಷಾ ವರ್ಷಾ ಏರ್ಕೋತನ ಹೊಂಟದ. ಈಗ ಅವ್ವಗ ಮೊಣಕಾಲು ನೋವು, ಇನ್ನ ಯಾರು ಹೋಗ್ಬೇಕು ಅಂತ ಅಪ್ಪ ಅದನ್ನ ಮಾರಿಬಿಡಬೇಕು ಅಂತ ಕುಂತಾರ.

ಹೋದ ತಿಂಗಳು ಗುರುಗ್ರಾಮ್‌ದಿಂದ ಅಂತ ಒಂದು ಹೆಣ್ಮಗಳ ಫೋನ್, ಹಿಂದಿದಾಗ, ಭಾಳ ಮರ್ಯಾದಿಲೆ ಅಂಕಲ್‌ಜೀ ಅಂಕಲ್‌ಜೀ ಅಂತ. ನಿಮ್ಮ ಮೆಂಬರ್‌ಶಿಪ್‌ಗೆ ಒಂದು ದೊಡ್ಡ ಕಂಪನಿಯವರು ಸ್ಟಾಫ್ ಸಲುವಾಗಿ 6 ಲಕ್ಷ ಕೊಡ್ತಾರ ಅಂದಳು. ಅಪ್ಪನ ಮೆಂಬರ್ ನಂಬರ್, ತಗೊಂಡ ವರ್ಷ, ಅವ್ವನ ಹೆಸರು ಎಲ್ಲಾ ಆಕಿನೇ ಹೇಳಿದಳು, ಅದಕ್ಕೇ ಅಪ್ಪ ನಂಬ್ಯಾರ. ಫೈಲ್ ಚಾರ್ಜ್ ಅಂತ 8,500 ನಮಗ ಯಾರಿಗೂ ಹೇಳದ ಹಾಕಿಬಿಟ್ಟಾರ. ಈಗ ಒಂದು ಅಗ್ರಿಮೆಂಟ್ ಪಿಡಿಎಫ್ ಬಂದದ, ಸೀಲು ಸಹಿ ಎಲ್ಲಾ ಅದ, 6 ಲಕ್ಷದ ಮ್ಯಾಲ 18% ಜಿಎಸ್‌ಟಿ ಅಂತ 1,08,000 ಮೊದ್ಲ ನೀವು ಕಟ್ರಿ, ಅದು ಪೂರಾ ರಿಫಂಡೆಬಲ್, ಸೇಲ್ ಆದ ದಿನಾ 7,08,000 ನಿಮ್ಮ ಅಕೌಂಟಿಗೆ ಬರ್ತದ ಅಂತಾರ. ಅಪ್ಪ ಎಫ್‌ಡಿ ಮುರಿಸ್ತೀನಿ ಅಂತಾರ. ನಾ ಬ್ಯಾಡ ಅಂದ್ರ ನಿನಗೇನು ತಿಳೀತದ ಅಂತ ಸಿಟ್ಟು. ಇದು ಖರೇ ಇರಬಹುದೇನ್ರಿ? ಖರೇ ಇಲ್ಲಂದ್ರ ಈ ಮೆಂಬರ್‌ಶಿಪ್‌ದಿಂದ ಹೊರಗ ಬರಾಕ ಬ್ಯಾರೆ ದಾರಿ ಏನದ?

ಕೌಂಟರ್_ನಂಬರ್_ನಾಲ್ಕು (ಬೀದರ್)

ತಮ್ಮಾ, ಎಫ್‌ಡಿ ಮುರಿಸಬ್ಯಾಡ. ಇವತ್ತೇ ಅಪ್ಪಾಜಿ ಫೋನ್ ಇಸ್ಕೊಂಡು ಆ ನಂಬರ್ ಬ್ಲಾಕ್ ಮಾಡು, ಉಳಿದಿದ್ದು ಆಮ್ಯಾಲ ಮಾತಾಡೋಣ.

ನಾನು ಬ್ಯಾಂಕಿನ್ಯಾಗ ಕೆಲಸ ಮಾಡಿ ರಿಟೈರ್ ಆದವ. ಇಂಥಾ ಕೇಸ್‌ನಾಗ ನೋಡೋದು ಒಂದೇ, ರೊಕ್ಕ ಯಾವ ಕಡಿಂದ ಯಾವ ಕಡಿಗಿ ಹೊಂಟದ ಅಂತ. ಮಾರೋನು ನಿಮ್ಮಪ್ಪ, ಅಂದ್ರ ರೊಕ್ಕ ಬರಬೇಕಾಗಿದ್ದು ನಿಮ್ಮ ಮನಿಗಿ. ನಮ್ಮ ಗಂಜ್‌ನಾಗ ತೊಗರಿ ತಗೊಂಡು ಹೋದ್ರ ಅಡತಿಯವ ಹಮಾಲಿ, ತೂಕದ್ದು ಏನಿದ್ರೂ ಪಟ್ಟಿಯಾಗ ಮುರ್ಕೊಂಡು ಉಳಿದಿದ್ದು ಕೈಗಿ ಕೊಡ್ತಾನ, ಮೊದ್ಲ ನೀನೇ ಲಕ್ಷ ರೂಪಾಯಿ ತಾ ಆಮ್ಯಾಲ ತೊಗರಿ ತೂಗ್ತೀನಿ ಅಂದ್ರ ಯಾವ ರೈತ ಕೊಡ್ತಾನ? ಅಪ್ಪಾಜಿಗೆ ಇಷ್ಟ ಹೇಳು: ಆ 1,08,000 ನಮ್ಮ 6 ಲಕ್ಷದಾಗೇ ಹಿಡ್ಕೊಂಡು ಉಳಿದಿದ್ದು ಹಾಕ್ರಿ ಅಂತ ಅವರೇ ಫೋನ್‌ನಾಗ ಕೇಳ್ಲಿ.

ಇನ್ನ ಜಿಎಸ್‌ಟಿ ಅಂಬೋದು. ಜಿಎಸ್‌ಟಿ ಸರ್ಕಾರಕ್ಕ ಪೋರ್ಟಲ್ ಮ್ಯಾಲ ಚಲನ್ ತೆಗ್ದು ಕಟ್ಟೋದು, ಯಾವನೋ ಒಬ್ಬನ ಸೇವಿಂಗ್ಸ್ ಅಕೌಂಟಿಗೆ ಹಾಕೋದಲ್ಲ. ರಿಟೈರ್ಡ್ ಮಾಸ್ತರು ಯಾಪಾರಸ್ಥರೂ ಅಲ್ಲ, ಅವರಿಗಿ ಜಿಎಸ್‌ಟಿ ನಂಬರ್ರೇ ಇಲ್ಲ. ಆ ಪಿಡಿಎಫ್‌ನಾಗ ಅವರ ಜಿಎಸ್‌ಟಿ ನಂಬರ್ ಅದ ಅಂದ್ರ ನೋಡು, 15 ಅಕ್ಷರ ಇರ್ತಾವ. ಮೊದಲಿನ ಎರಡು ಅಂಕಿ ರಾಜ್ಯದ್ದು, ಕರ್ನಾಟಕ 29, ಹರಿಯಾಣ 06, ದಿಲ್ಲಿ 07, ಮಹಾರಾಷ್ಟ್ರ 27. ಅದರ ಮುಂದಿನ ಹತ್ತು ಅವರ ಪ್ಯಾನ್ ನಂಬರ್. ಆ ಪ್ಯಾನ್‌ನ ನಾಲ್ಕನೇ ಅಕ್ಷರ, ಅಂದ್ರ ಒಟ್ಟು ಆರನೇದ್ದು, ಕಂಪನಿ ಇದ್ರ ಸಿ, ಒಬ್ಬ ವ್ಯಕ್ತಿದಿದ್ರ ಪಿ. ಜಿಎಸ್‌ಟಿ ವೆಬ್‌ಸೈಟ್‌ನಾಗ ಸರ್ಚ್ ಟ್ಯಾಕ್ಸ್‌ಪೇಯರ್ ಅಂತ ಅದ, ಲಾಗಿನ್ ಬ್ಯಾಡ, ನಂಬರ್ ಹಾಕಿದ್ರ ಯಾರದು ಎಲ್ಲಿದು ಬಯಲಾಗ್ತದ. ನೋಡಿ ಹೇಳು.

ಮೆಂಬರ್ ನಂಬರ್ ಅವರಿಗಿ ಹ್ಯಾಂಗ ಗೊತ್ತಾಯ್ತು ಅಂದ್ರ, ಆ ಲಿಸ್ಟ್ ಮಾರಾಟಕ್ಕ ಅವ, ಅಷ್ಟೇ. ಕೆಲಸ ಬಿಟ್ಟ ಸೇಲ್ಸ್ ಹುಡುಗರು, ಕಾಲ್ ಸೆಂಟರ್‌ನವರು, ಯಾರ ಕೈಯಾಗಿಂದ ಹೋಗ್ಯಾದೋ. ನಮ್ಮ ಮಾಹಿತಿ ಹೇಳಿದ ಮಾತ್ರಕ್ಕ ಅವರು ಖರೇ ಮಂದಿ ಆಗಂಗಿಲ್ಲ.

ಸೇಡಂರೋಡ್_ಹುಡುಗ

ಸರ್, ನೋಡ್ದೆ. ಲೆಟರ್‌ಹೆಡ್‌ನಾಗ ಗುರುಗ್ರಾಮ್ ಹರಿಯಾಣ, ಜಿಎಸ್‌ಟಿ ನಂಬರ್ 27ರಿಂದ ಸುರು, ಆರನೇ ಅಕ್ಷರ ಪಿ, ಪೋರ್ಟಲ್‌ನಾಗ ಹಾಕಿದ್ರ ಯಾರೋ ಬಟ್ಟಿ ಅಂಗಡಿಯವರದು ಬಂತು 😡 ಪಾಪ ಅವರಿಗೂ ಗೊತ್ತಿರ್ಲಿಕ್ಕಿಲ್ಲ. ಅಪ್ಪಗ ತೋರ್ಸಿದೆ, ಸುಮ್ನ ಕುಂತಾರ. 8,500 ವಾಪಸ್ ಬರ್ತದೇನ್ರಿ?

ಕೌಂಟರ್_ನಂಬರ್_ನಾಲ್ಕು

ಈಗಿಂದೀಗ ಸೈಬರ್ ಮೋಸದ ಸಹಾಯವಾಣಿ 1930ಗೆ ಫೋನ್ ಹಚ್ಚು, ಇಲ್ಲಾ ಸೈಬರ್‌ಕ್ರೈಮ್ ಪೋರ್ಟಲ್‌ನಾಗ ಹಾಕು. ಯುಟಿಆರ್ (ರೊಕ್ಕ ಕಳಿಸಿದ ವ್ಯವಹಾರದ) ನಂಬರ್, ತಾರೀಖು, ಯಾವ ಅಕೌಂಟಿಗೆ ಹೋಗ್ಯಾದ ಎಲ್ಲಾ ಕೈಯಾಗ ಇಟ್ಕೊಂಡು ಕುಂದ್ರು. ರೊಕ್ಕ ಮುಂದಿನ ಅಕೌಂಟ್‌ನಾಗ ಇನ್ನೂ ಇದ್ರ ಆ ಬ್ಯಾಂಕಿನವರು ಹೋಲ್ಡ್ ಹಾಕ್ತಾರ. ತಿಂಗಳಾಗ್ಯಾದ ಅಂದ್ರ ಇರೋದು ಅನುಮಾನ, ಮೊದಲಿನ ಒಂದೆರಡು ತಾಸಿನ್ಯಾಗ ಹೇಳಿದ್ರನ ಹೆಚ್ಚು ಸಿಗೋದು. ಹಾಕೋದು ಮಾತ್ರ ಬಿಡಬ್ಯಾಡ, ಅದೇ ಅಕೌಂಟಿನ ಮ್ಯಾಲ ಬ್ಯಾರೇದವರ ಕಂಪ್ಲೇಂಟೂ ಇರ್ತಾವ. ಹೋಲ್ಡ್ ಆದ ರೊಕ್ಕಾನೂ ತಾನ ವಾಪಸ್ ಬರಂಗಿಲ್ಲ, ಕೋರ್ಟ್ ಆರ್ಡರ್ ಬೇಕಾಗಬಹುದು, ಕೆಲವೊಮ್ಮೆ ಲೋಕ ಅದಾಲತ್‌ನಾಗ ಬಿಡಸ್ತಾರ.

ಇನ್ನೊಂದು, 2025ರ ಏಪ್ರಿಲ್‌ದಿಂದ ಎನ್‌ಇಎಫ್‌ಟಿ ಆರ್‌ಟಿಜಿಎಸ್ ಮಾಡೋ ಮುಂದ ಅಕೌಂಟ್ ಯಾರ ಹೆಸರಿಲೆ ಅದ ಅಂತ ತೋರ್ಸೋ ಸವಲತ್ತು ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ಎಲ್ಲಾ ಬ್ಯಾಂಕಿಗೂ ಹೇಳ್ಯಾದ. ಕಂಪನಿ ಹೆಸರು ಹೇಳಿ ಯಾವನೋ ಒಬ್ಬನ ಹೆಸರು ಬಂತಂದ್ರ ಅಲ್ಲಿಗೇ ನಿಲ್ಲಿಸ್ಬೇಕು.

ಯಾದಗಿರಿ_ಟು_ಟೆಕ್ಸಾಸ್

ಈ ಆಟ ಇಲ್ಲಿ ಅಮೆರಿಕಾದಾಗ ನಮ್ಮಕಿಂತ ಭಾಳ ಹಳೇದು ಅದಕ್ಕ ಸ್ವಲ್ಪ ಬರೀತೀನಿ. ಇಂಥಾ ರಜಾ ಮೆಂಬರ್‌ಶಿಪ್‌ಗೆ ಇಲ್ಲಿ ಟೈಮ್‌ಶೇರ್ ಅಂತಾರ. ವಯಸ್ಸಾದವರಿಗಿ ಫೋನ್ ಬರೋದು, ಗಿರಾಕಿ ಅದಾನ ಅನ್ನೋದು, ಮೊದ್ಲ ಟ್ಯಾಕ್ಸ್ ಕಟ್ಟು ಅನ್ನೋದು, ಎಲ್ಲಾ ಸೇಮ್ ಟು ಸೇಮ್. ಮೆಕ್ಸಿಕೋದಾಗ ರಿಸಾರ್ಟ್ ವಾರ ತಗೊಂಡ ಅಮೆರಿಕನ್ ಮುದುಕರಿಗಿ ಹಿಂಗ ಫೋನ್ ಮಾಡಿ ದೋಚೋ ಧಂಧೆನ ಅಲ್ಲಿನ ದೊಡ್ಡ ಡ್ರಗ್ಸ್ ಗ್ಯಾಂಗೇ ಹಿಡ್ದದ, ಹಲಿಸ್ಕೋ ನ್ಯೂ ಜನರೇಶನ್ ಕಾರ್ಟೆಲ್ ಅಂತ, ಪ್ವೆರ್ಟೊ ವಯಾರ್ಟಾ ಊರಿನ ಸುತ್ತ. 2023ರಾಗ ಅಮೆರಿಕಾದ ಖಜಾನೆ ಇಲಾಖೆ ಇದೇ ಸಲುವಾಗಿ ಮೆಕ್ಸಿಕೋದ ಕಂಪನಿಗಳ ಮ್ಯಾಲ ನಿರ್ಬಂಧ ಹಾಕ್ತು. 2024ರ ಜುಲೈದಾಗ ಎಫ್‌ಬಿಐ ಜೋಡಿ ಸೇರಿ ಬ್ಯಾಂಕುಗಳಿಗಿ ನೋಟಿಸ್ ಕೊಟ್ಟಾಗ ಹೇಳಿದ ಲೆಕ್ಕ: 2019ರಿಂದ 2023ರತನ ಸುಮಾರು 6,000 ಮಂದಿ ಕಳ್ಕೊಂಡಿದ್ದು ಹತ್ರ ಹತ್ರ 30 ಕೋಟಿ ಡಾಲರ್. ಅದೂ ಕಂಪ್ಲೇಂಟ್ ಕೊಟ್ಟವರದು ಅಷ್ಟೇ, ಮಕ್ಕಳ ಮುಂದ ನಾಚ್ಕೊಂಡು ಸುಮ್ನಾದವರು ಬ್ಯಾರೆ.

ಇಲ್ಲಿ ಇನ್ನೊಂದು ಜಾತಿ ಅದ, ಎಕ್ಸಿಟ್ ಕಂಪನಿ ಅಂತ. ಗಿರಾಕಿ ತರ್ತೀವಿ ಅನ್ನಂಗಿಲ್ಲ ಇವರು, ನಿಮ್ಮನ್ನ ಕಾಂಟ್ರಾಕ್ಟ್‌ದಿಂದ ಬಿಡಿಸ್ತೀವಿ, ಬಿಡಸದಿದ್ರ ರೊಕ್ಕ ವಾಪಸ್ ಅಂತಾರ, ಸಾವಿರಗಟ್ಟಲೆ ಡಾಲರ್ ಮುಂಗಡ ತಗೋತಾರ. ಟೈಮ್‌ಶೇರ್ ಎಕ್ಸಿಟ್ ಟೀಮ್ ಅಂತ ಒಂದು ಇತ್ತು, ಸಾಲ ಮಾಡಬ್ಯಾಡ್ರಿ ಅಂತ ರೇಡಿಯೋದಾಗ ಬುದ್ಧಿ ಹೇಳೋ ಡೇವ್ ರಾಮ್ಸಿ ಶೋದಾಗೇ ಅದರ ಜಾಹೀರಾತು ಬರ್ತಿತ್ತು. ವಾಷಿಂಗ್ಟನ್ ರಾಜ್ಯದ ಅಟಾರ್ನಿ ಜನರಲ್ ಕೇಸ್ ಹಾಕಿ 2021ರಾಗ 26 ಲಕ್ಷ ಡಾಲರ್ ಕಟ್ಟೋ ಸೆಟಲ್‌ಮೆಂಟ್ ಆಯ್ತು, ಆಮ್ಯಾಲ 2023ರಾಗ ಕೇಳುಗರು ಆ ರೇಡಿಯೋದವರ ಮ್ಯಾಲೂ ಕೇಸ್ ಹಾಕಿದ್ರು. 2022ರಾಗ ಎಫ್‌ಟಿಸಿ (ಅಮೆರಿಕಾದ ಗ್ರಾಹಕರನ್ನ ಕಾಯೋ ಸರ್ಕಾರಿ ಸಂಸ್ಥೆ) ಮತ್ತ ವಿಸ್ಕಾನ್ಸಿನ್ ರಾಜ್ಯ ಕೂಡಿ ಇನ್ನೊಂದು ಗುಂಪಿನ ಮ್ಯಾಲ ಹೋದ್ರು, ಆರೋಪ 9 ಕೋಟಿ ಡಾಲರ್‌ಕಿಂತ ಹೆಚ್ಚು, ಹೆಚ್ಚಾಗಿ ವಯಸ್ಸಾದವರ ರೊಕ್ಕ.

ರಿಸಾರ್ಟ್ ಕಂಪನಿಗಳ ಸಂಘ ಎಆರ್‌ಡಿಎ ಏನ್ ಮಾಡ್ತು ಅಂದ್ರ, ಮೊದ್ಲ ನಮ್ಮ ಹತ್ರನೇ ಬರ್ರಿ ಅಂತ ರೆಸ್ಪಾನ್ಸಿಬಲ್ ಎಕ್ಸಿಟ್ ಅಂತ ಒಂದು ಒಕ್ಕೂಟ ಮಾಡ್ತು, ದೊಡ್ಡ ಕಂಪನಿಗಳು ತಾವೇ ವಾಪಸ್ ತಗೋಳೋ ಸ್ಕೀಮ್ ಇಟ್ಟವು. ಸಾಲ ಬಾಕಿ ಇದ್ರ ನಡಿಯಂಗಿಲ್ಲ, ರೊಕ್ಕಾನೂ ಕೊಡಂಗಿಲ್ಲ, ಬಿಟ್ರ ಸಾಕು ಅನ್ನೋರಿಗಷ್ಟೇ. ಆದ್ರೂ ಬಾಗಿಲು ಅಂತ ಒಂದು ಅದ. ನಮ್ಮ ದೇಶದಾಗ ಆ ಬಾಗಿಲೇ ಸರಿ ಇಲ್ಲ, ಮಂದಿ ಕಳ್ಳರ ಕೈಯಾಗ ಸಿಗೋದು ಅದಕ್ಕೇ ಅನಸ್ತದ ನನಗ.

ಸೇಡಂರೋಡ್ ಅಣ್ಣಾ, ಒಂದು ಹುಷಾರ್: ಇನ್ನ ಸ್ವಲ್ಪ ದಿನಕ್ಕ ನಿಮ್ಮಪ್ಪಗ ಮತ್ತೊಂದು ಫೋನ್ ಬರ್ತದ, ನಿಮಗ ಮೋಸ ಆಗ್ಯಾದಂತಲ್ಲ, ನಾವು ವಕೀಲರು, ನಾವು ಕೋರ್ಟ್‌ನವರು, ರಿಕವರಿ ಮಾಡಿ ಕೊಡ್ತೀವಿ ಅಂತ. ಒಮ್ಮೆ ಕೊಟ್ಟವರ ಲಿಸ್ಟಿಗಿ ರೇಟ್ ಜಾಸ್ತಿ. ಇಲ್ಲಂತೂ ಸರ್ಕಾರಿ ಆಫೀಸರ್ ಹೆಸರಿಲೇನೇ ಫೋನ್ ಮಾಡ್ತಾರ.

ಹುಮ್ನಾಬಾದ್_ಟೂರಿಸ್ಟ್

ಎಲ್ಲಾರೂ ಮೆಂಬರ್‌ಶಿಪ್ಪೇ ಮೋಸ ಅನ್ನಂಗ ಬರೀಲಾಕತ್ತೀರಿ, ಅದು ತಪ್ಪು. ನಮ್ಮ ಮನ್ಯಾಗೂ ಒಂದು ಅದ, ನಾವು ಗೋವಾ ಕೊಡಗು ಊಟಿ ಎಲ್ಲಾ ನೋಡ್ಕೊಂಡು ಬಂದೀವಿ, ಸೀಸನ್ ಬಿಟ್ಟು ಮೊದ್ಲೇ ಬುಕ್ ಮಾಡ್ತೀವಿ, ರೂಮ್ ಸಿಗ್ತಾವ. ಮಾಸ್ತರು ತಗೋಳೋ ಮುಂದ ಯಾವ ಸೀಸನ್ ಅಂತ ನೋಡಿರ್ಲಿಕ್ಕಿಲ್ಲ, ಕಡಿಮಿ ರೇಟಿನ ಸೀಸನ್ ತಗೊಂಡು ಮೇ ತಿಂಗಳದಾಗ ರೂಮ್ ಕೊಡು ಅಂದ್ರ ಹ್ಯಾಂಗ ಕೊಡ್ತಾರ?

ಟ್ರಾನ್ಸ್‌ಫರ್‌ಗೆ ಕಂಪನಿಗೇ ಕೇಳ್ರಿ, ಸಾಮಾನ್ಯ ಅಗ್ರಿಮೆಂಟ್‌ನಾಗ ಅದರ ಕಲಂ ಇರ್ತದ. ಬಾಕಿ ಫೀ ಇರಬಾರ್ದು, ಟ್ರಾನ್ಸ್‌ಫರ್ ಫೀ ಕಂಪನಿ ಅಕೌಂಟಿಗೇ ಹೋಗ್ಬೇಕು, ತಗೋಳೋರಿಗಿ ಉಳಿದ ವರ್ಷಗಳಷ್ಟೇ ಸಿಗ್ತಾವ. 2015ರದು ಅಂದ್ರ ಅರ್ಧಕ್ಕ ಹತ್ರ ವರ್ಷ ಹೋಗೇಬಿಟ್ಟಾವ. ಎರಡೂವರಿ ಲಕ್ಷಕ್ಕ ತಗೊಂಡಿದ್ದು, ಅದೂ ಇಷ್ಟು ವರ್ಷ ಬಳಸಿದ್ದು, 6 ಲಕ್ಷಕ್ಕ ಯಾವ ಶ್ಯಾಣ್ಯಾ ತಗೋತಾನ್ರಿ? ಇದು ಪ್ಲಾಟ್ ಅಲ್ಲ ರೇಟ್ ಏರಾಕ. ಖರೇ ಗಿರಾಕಿ ಬಂದ್ರ ಕಾಲು ಭಾಗ ಕೊಟ್ರೂ ಹೆಚ್ಚು ಅನ್ಕೋರಿ.

ಯಾದಗಿರಿ_ಟು_ಟೆಕ್ಸಾಸ್

ಸೀಸನ್ ನೋಡಿಲ್ಲ ಅಂತ ಮಾಸ್ತರಿಗಿ ಅನ್ನೋದು ಸರಳ ಅದರಿ. ಜ್ಯೂಸ್ ಕೊಟ್ಟು ಗಿಫ್ಟ್ ಆಸೆ ತೋರ್ಸಿ ಇವತ್ತೇ ಸಹಿ ಮಾಡಿದ್ರ ಡಿಸ್ಕೌಂಟ್ ಅನ್ನೋರು ಸೀಸನ್ ಕಲಂ ಓದಾಕ ಬಿಡ್ತಾರೇನು.

ಹುಮ್ನಾಬಾದ್_ಟೂರಿಸ್ಟ್

ಅದು ಖರೇ. ಸೇಲ್ಸ್‌ನವರ ಪರವಾಗಿ ನಾ ಮಾತಾಡವಲ್ಲೆ.

ಕರಿಕೋಟು (ವಕೀಲ, ಕಲಬುರಗಿ)

ಸ್ವಲ್ಪ ಕಾನೂನಿನ ಕಡೆಯಿಂದ ಹೇಳ್ತೀನಿ.

ಭಾರತದಲ್ಲಿ ಟೈಮ್‌ಶೇರ್‌ಗೆ ಅಂತ ಪ್ರತ್ಯೇಕ ಕಾಯ್ದೆ ಇಲ್ಲ. ಯುರೋಪಿನಲ್ಲಿ ಯುರೋಪಿಯನ್ ಒಕ್ಕೂಟದ 2008ರ ಡೈರೆಕ್ಟಿವ್ (ನಿರ್ದೇಶನ) ಪ್ರಕಾರ ಸಹಿ ಮಾಡಿದ ಮೇಲೆ 14 ದಿನ ಯಾವ ಕಾರಣಾನೂ ಕೊಡದೆ ರದ್ದು ಮಾಡಬಹುದು, ಆ ದಿನಗಳಲ್ಲಿ ಮುಂಗಡ ತಗೊಳ್ಳೋ ಹಾಗೇ ಇಲ್ಲ, ಮತ್ತ ಮುಖ್ಯ ಅಂದ್ರ ಮರುಮಾರಾಟ ಮಾಡಿಸ್ತೀನಿ ಅನ್ನೋ ಏಜೆಂಟ್ ಮಾರಾಟ ನಿಜವಾಗಿ ಆಗೋತನಕ ಒಂದು ಪೈಸೆ ಮುಟ್ಟಂಗಿಲ್ಲ. ಈ ಕೊನೇ ನಿಯಮ ಒಂದು ನಮ್ಮಲ್ಲಿ ಇದ್ದಿದ್ರ ಈ ಥ್ರೆಡ್ಡೇ ಬೇಕಾಗಿರ್ಲಿಲ್ಲ. ನಮ್ಮಲ್ಲಿ ಕಂಪನಿಗಳ ಸಂಘ ಎಐಆರ್‌ಡಿಎ ಅಂತ ಇದೆ, ಸದಸ್ಯ ಕಂಪನಿಗಳಿಗೆ ನೀತಿ ಸಂಹಿತೆ ಅಂತನೂ ಇದೆ, ಆದ್ರ ಅದು ಕಾಯ್ದೆ ಅಲ್ಲ, ಸದಸ್ಯರಲ್ಲದವರಿಗೆ ಅದರ ಹೆದರಿಕೆ ಏನಿಲ್ಲ.

ಫೋನ್ ಮಾಡಿದವರ ಮೇಲೆ: ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 318 ವಂಚನೆ, ಐಟಿ ಕಾಯ್ದೆ 66ಡಿ. ನಮ್ಮ ಊರಿನ ಸಿಇಎನ್ (ಸೈಬರ್, ಆರ್ಥಿಕ, ಮಾದಕ ಅಪರಾಧದ) ಠಾಣೆಗೆ ಹೋಗಿ, 1930ರಲ್ಲಿ ಕೊಟ್ಟ ದೂರಿನ ನಂಬರ್ ತಗೊಂಡು ಹೋಗಿ. ಅವರು ಗುರುಗ್ರಾಮ್‌ನವರು ಅಲ್ಲೇ ಕೊಡಿ ಅಂತ ಯಾರಾದ್ರೂ ಅಂದ್ರ ಝೀರೋ ಎಫ್‌ಐಆರ್ (ಯಾವ ಠಾಣೆಯಲ್ಲಾದ್ರೂ ದೂರು ದಾಖಲಿಸೋದು) ಅನ್ನೋದು ಈಗ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 173ರಲ್ಲೇ ಇದೆ ಅಂತ ಹೇಳಿ.

ಮೂಲ ಕಂಪನಿ ಮೇಲೆ: ಇಲ್ಲಿ ಗ್ರಾಹಕರ ಆಯೋಗ. ಅಗ್ರಿಮೆಂಟಿನಲ್ಲಿ ವ್ಯಾಜ್ಯ ಏನಿದ್ರೂ ಮುಂಬೈಲಿ, ದಿಲ್ಲಿಲಿ ಅಂತ ಬರ್ದಿರ್ತಾರ, ಹೆದರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 34ನೇ ಕಲಂ ಪ್ರಕಾರ ದೂರುದಾರ ವಾಸ ಮಾಡೋ ಜಿಲ್ಲೆಯಲ್ಲೇ ಕೇಸ್ ಹಾಕಬಹುದು, ಅಂದ್ರ ಕಲಬುರಗಿ ಜಿಲ್ಲಾ ಆಯೋಗ. ಆರ್ಬಿಟ್ರೇಶನ್ (ಮಧ್ಯಸ್ಥಿಕೆ) ಕಲಂ ಇದ್ರೂ ಗ್ರಾಹಕರ ಆಯೋಗಕ್ಕೆ ಬರೋದನ್ನ ತಡೆಯಂಗಿಲ್ಲ ಅಂತ 2018ರಲ್ಲಿ ಎಮಾರ್ ಎಂಜಿಎಫ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೊಟ್ಟ ಮೊತ್ತ 5 ಲಕ್ಷದ ಒಳಗ ಇದ್ರ ಕೋರ್ಟ್ ಫೀ ಸೊನ್ನೆ. ವಕೀಲರು ಇಲ್ಲದೇನೂ ವಾದ ಮಾಡಬಹುದು (ನಮ್ಮ ಹೊಟ್ಟಿ ಮೇಲೆ ಹೊಡ್ಕೊಂಡಂಗ ಆಯ್ತು, ಇರ್ಲಿ). ಗ್ರಾಹಕರ ಆಯೋಗದ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು.

ತೊಡಕು ಇರೋದು ಕೇಸ್ ಹಾಕೋ ಅವಧಿ. ಎರಡು ವರ್ಷ ಅಷ್ಟೇ. 2015ರಲ್ಲಿ ಸುಳ್ಳು ಹೇಳಿ ಮಾರಿದ್ರು ಅನ್ನೋದನ್ನ ಈಗ ಎತ್ತಿದ್ರ ಮೊದಲ ದಿನಾನೇ ಅವಧಿ ಮೀರಿದೆ ಅಂತ ಅವರ ವಕೀಲ ಎದ್ದು ನಿಲ್ತಾನ. ಆದ್ರ ಫೀ ಕಟ್ಟಿಸ್ಕೊಂಡು ಈ ಎರಡು ವರ್ಷದೊಳಗ ರೂಮ್ ಕೊಟ್ಟಿಲ್ಲ ಅಂದ್ರ ಅದು ಸೇವಾ ನ್ಯೂನತೆ, ಅದು ಜೀವಂತ ಇದೆ. ಅದಕ್ಕೆ ಫೋನಿನಲ್ಲಿ ಕೇಳಬೇಡಿ, ಬುಕಿಂಗ್ ಕೇಳಿದ್ದು, ಅವರು ಇಲ್ಲ ಅಂದಿದ್ದು ಎಲ್ಲಾ ಇಮೇಲ್‌ನಲ್ಲಿ ಇರಬೇಕು. ಕೇಸಿಗೆ ಮುಂಚೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಒಂದು ದೂರು ಹಾಕಿ, ಕೆಲವು ಕಂಪನಿ ಅಲ್ಲೇ ಮಾತಿಗೆ ಬರ್ತಾವ.

ಗಂಜ್_ಕಾಕಾ

ನಮ್ಮ ಭಾಗದಾಗ ಹಾಲಿಡೇ ಕ್ಲಬ್ ಅಂದ ಕೂಡ್ಲೇ ಮಂದಿಗಿ ನೆನಪಾಗೋದು ಪ್ಯಾನ್‌ಕಾರ್ಡ್ ಕ್ಲಬ್ಸ್. ಅದು ಮಾತ್ರ ಈ ಹುಡುಗ ಕೇಳಿದಂಥಾದ್ದಲ್ಲ, ಎರಡೂ ಕೂಡಸಬ್ಯಾಡ್ರಿ. ಅದರಾಗ ರೂಮ್ ನೈಟ್ಸ್ ಅಂತ ಹೆಸರಿಗಿ, ಮಂದಿ ಹಾಕಿದ್ದು ಡಿಪಾಸಿಟ್ ಅಂತನ, ಇಷ್ಟ ವರ್ಷಕ್ಕ ಇಷ್ಟ ಬರ್ತದ ಅಂತ. 51 ಲಕ್ಷ ಮಂದಿಯಿಂದ 7,000 ಕೋಟಿಗಿಂತ ಹೆಚ್ಚು ಎತ್ಯಾರ, ಇದು ಅನುಮತಿ ಇಲ್ಲದ ಸಾಮೂಹಿಕ ಹೂಡಿಕೆ ಅಂತ ಹೇಳಿ 2016ರಾಗ ಸೆಬಿ (ಷೇರುಪೇಟೆ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ) ವಾಪಸ್ ಕೊಡ್ರಿ ಅಂತ ಆರ್ಡರ್ ಮಾಡ್ತು. ನಿಮ್ಮ ಬಾಂಡ್ ಮ್ಯಾಲ ಇಷ್ಟು ವರ್ಷಕ್ಕ ಇಷ್ಟು ರೊಕ್ಕ ಅಂತ ಬರ್ದಿದ್ರ ಅದು ರಜಾದ ಸ್ಕೀಮ್ ಅಲ್ಲ, ಸೆಬಿ ದಾರಿ ಬ್ಯಾರೆ. ಮಾಸ್ತರದು ವಾರದ ಲೆಕ್ಕ ಅಂತಿ, ಹಂಗಾದ್ರ ವಕೀಲ್ರು ಹೇಳಿದ್ದು ಸರಿ.

ಸೇಡಂರೋಡ್_ಹುಡುಗ

ಎಲ್ಲರಿಗೂ ಭಾಳ ಭಾಳ ಥ್ಯಾಂಕ್ಸ್ರಿ 🙏 ಅಪ್ಡೇಟ್ ಹೇಳ್ತೀನಿ.

1930ಗೆ ಹಾಕ್ದೆ, ಸಿಇಎನ್ ಠಾಣಾಕ್ಕೂ ಹೋಗಿ ಕೊಟ್ಟು ಬಂದೀವಿ. ಆ ಅಕೌಂಟ್‌ನಾಗ ಏನೂ ಉಳಿದಿಲ್ಲಂತ, ನೋಡೋಣ.

ಆಕಿ ಬ್ಯಾರೆ ನಂಬರ್‌ದಿಂದ ಮತ್ತ ಮಾಡಿದ್ಲು. ಅಪ್ಪ ಸ್ಪೀಕರ್ ಹಚ್ಚಿ ತಾವೇ ಕೇಳಿದ್ರು, ಬೇಟಾ ಆ ಲಕ್ಷದ ಎಂಟು ಸಾವಿರ ನಮ್ಮ ಆರು ಲಕ್ಷದಾಗ ಮುರ್ಕೋರಿ ಅಂತ. ಸಿಸ್ಟಮ್ ಅಲೋ ಮಾಡಂಗಿಲ್ಲ ಅಂಕಲ್‌ಜೀ ಅಂದಳು. ಅಪ್ಪ ಹೈಸ್ಕೂಲ್ ಹುಡುಗರಿಗಿ ಕೇಳಿದಂಗ ಯಾವ ಸಿಸ್ಟಮ್, ಯಾರದು ಸಿಸ್ಟಮ್, ಅದರ ಮಾಲಕಗ ಫೋನ್ ಕೊಡು ಅಂತ ಹಿಡಕೊಂಡ್ರು, ಆಕಿನೇ ಕಟ್ ಮಾಡಿದಳು. ಯಾದಗಿರಿ ಅಣ್ಣ ಹೇಳಿದ್ದು ಖರೇ ಆಯ್ತು, ಮರುದಿನಾನೇ ಒಬ್ಬ ಗಂಡಸಿನ ಫೋನ್, ನಾ ಕನ್ಸೂಮರ್ ಕೋರ್ಟ್‌ದಿಂದ, ನಿಮ್ಮ ರಿಫಂಡ್ ಫೈಲ್ ನನ್ನ ಟೇಬಲ್ ಮ್ಯಾಲ ಅದ ಅಂತ!

ಕಂಪನಿಗೆ ಇಮೇಲ್ ಹಾಕಿದ್ದೆ. ನಾವು ಯಾವ ಏಜೆಂಟಿಗೂ ಮಾರಾಕ ಹಚ್ಚಿಲ್ಲ, ಯಾರಿಗೂ ರೊಕ್ಕ ಕೊಡಬ್ಯಾಡ್ರಿ ಅಂತ ನಾಲ್ಕು ಸಾಲು, ಕೆಳಗ ಈ ವರ್ಷದ ಫೀ ಬಾಕಿ ಅದ ಲಗೂನ ಕಟ್ರಿ ಅಂತ ಲಿಂಕ್ 😂 ವಾಪಸ್ ತಗೋತೀರೇನು ಅಂತ ಕೇಳಿದ್ದಕ್ಕ ಉತ್ತರನೇ ಇಲ್ಲ. ವಕೀಲ ಸರ್, ಈ ವರ್ಷದ ಫೀ ಕಟ್ಬೇಕೋ ಬಿಡಬೇಕೋ?

ಕೌಂಟರ್_ನಂಬರ್_ನಾಲ್ಕು

ಆ ಎರಡನೇ ಫೋನ್‌ನಾಗ ರೊಕ್ಕ ಹೋಗಿಲ್ಲಲ್ಲ, ಅದನ್ನ ಟೆಲಿಕಾಂ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನಾಗ ಚಕ್ಷು ಅಂತ ಅದ, ಅಲ್ಲಿ ಹಾಕು. ರೊಕ್ಕ ಹೋದದ್ದು 1930, ಹೋಗದ ಬರೇ ಫೋನ್ ಬಂದದ್ದು ಚಕ್ಷು. ಮಾಸ್ತರಿಗಿ ನನ್ನ ಕಡಿಂದ ಒಂದು ನಮಸ್ಕಾರ ಹೇಳು.

ಕರಿಕೋಟು

ಸುಮ್ಮನೆ ಕಟ್ಟೋದು ನಿಲ್ಲಿಸಿಬಿಡಬೇಡಿ, ಅಗ್ರಿಮೆಂಟಿನಲ್ಲಿ ಫೀ ಬಾಕಿ ಉಳಿದ್ರ ಏನಾಗ್ತದ ಅಂತ ಒಂದು ಕಲಂ ಇರ್ತದ, ಬಡ್ಡಿ ಹಾಕ್ತಾರೋ, ಬುಕಿಂಗ್ ನಿಲ್ಲಿಸ್ತಾರೋ, ಮೆಂಬರ್‌ಶಿಪ್ಪೇ ರದ್ದೋ. ರದ್ದು ಅಂತಿದ್ರ ನಿಮಗೆ ಅದೇ ಬಾಗಿಲು ಆಗಬಹುದು, ಬಡ್ಡಿ ಅಂತಿದ್ರ ಬೇರೆ ಲೆಕ್ಕ. ಸದ್ಯಕ್ಕ ಕಂಪನಿಗೆ ಇನ್ನೊಂದು ಇಮೇಲ್ ಹಾಕಿ: ಇಂತಿಂಥಾ ತಿಂಗಳು ಕೇಳಿದ್ವಿ ರೂಮ್ ಸಿಕ್ಕಿಲ್ಲ, ವಯಸ್ಸು ಆರೋಗ್ಯದ ಕಾರಣ ಇನ್ನು ಬಳಸೋದು ಆಗಲ್ಲ, ಮೆಂಬರ್‌ಶಿಪ್ ಸರೆಂಡರ್ ಮಾಡ್ತೀವಿ (ಬಿಟ್ಟುಕೊಡ್ತೀವಿ), ಷರತ್ತು ಏನು ತಿಳಿಸಿ, 15 ದಿನದೊಳಗ ಉತ್ತರ ಬೇಕು ಅಂತ. ಅದೇ ಒಂದು ಪ್ರತಿ ಸ್ಪೀಡ್ ಪೋಸ್ಟ್‌ನಲ್ಲೂ ಹೋಗಲಿ, ರಸೀದಿ ಇಟ್ಕೊಳ್ಳಿ. ಆ ಕಲಂ ಇರೋ ಪುಟದ ಫೋಟೋ, ಹೆಸರು ನಂಬರ್ ಮುಚ್ಚಿ, ನನಗ ಮೆಸೇಜ್‌ನಲ್ಲಿ ಕಳಿಸಿ, ನೋಡಿ ಹೇಳ್ತೀನಿ.